ಎರಡು ಬಾಗಿಲಿನ ಕೋಟೆ

ಜನವರಿ ೬

ಅತ್ತೆಯವರಿಗೆ,

ನೀವು ವಾಪಸು ಕಳಿಸಿದ ಶ್ರವಣಯಂತ್ರ ತಲುಪಿತು. ಜೊತೆಗಿದ್ದ ಚೀಟಿಯೂ: "ಇದನ್ನು ಹಾಕಿಕೊಂಡರೆ ಪಕ್ಕದ ಮನೆಯ ಮಿಕ್ಸಿ ಕೇಳಿಸುತ್ತದೆ. ಬೇಡ." ಕೇಳಿಸಲಿ ಎಂದೇ ಅದನ್ನು ಕೊಟ್ಟದ್ದು, ಅತ್ತೆ. ಈ ಆಸ್ಪತ್ರೆಯಲ್ಲಿ ದಿನವಿಡೀ ಕಿವಿ ಪರೀಕ್ಷೆ ಮಾಡುತ್ತೇನೆ. ಗಾಜಿನ ಕೋಣೆಯಲ್ಲಿ ಕೂತವರು ಶಬ್ದ ಕೇಳಿದಾಗ ಗುಂಡಿ ಒತ್ತುತ್ತಾರೆ. ಯಂತ್ರ ಕೂರಿಸಿದರೆ ಕೆಲವರು ಅಳುತ್ತಾರೆ, ಕೆಲವರು ನನ್ನ ಕೈ ಹಿಡಿದುಕೊಳ್ಳುತ್ತಾರೆ. ಹತ್ತಿಯಲ್ಲಿ ಸುತ್ತಿ, ಹಳೆಯ ಬಳಪದ ಡಬ್ಬಿಯಲ್ಲಿಟ್ಟು ಅಂಚೆಗೆ ಹಾಕಿದವರು ನೀವೊಬ್ಬರೇ.

ಈಗ ಕೋಟೆಯ ವಿಷಯ. ನೀವು ಆಟದ ಮೇಡಂ ಆಗಿದ್ದಾಗ ವರ್ಷವರ್ಷವೂ ಹೈಸ್ಕೂಲು ಹುಡುಗಿಯರನ್ನು ಸಾಲು ಮಾಡಿ ಹತ್ತಿಸುತ್ತಿದ್ದ ಆ ಬೆಟ್ಟದ ಕೋಟೆಯನ್ನು ನನಗೂ ತೋರಿಸಬೇಕೆಂದು ನನ್ನ ಮದುವೆಯಾದ ವಾರದಿಂದ ಹೇಳುತ್ತಾ ಬಂದಿರಿ. ಹದಿನಾಲ್ಕು ವರ್ಷ ಒಂದೇ ಮನೆಯಲ್ಲಿದ್ದೆವು. ಒಮ್ಮೆ ನಿಮ್ಮ ಮಗನಿಗೆ ತಲೆನೋವು, ಒಮ್ಮೆ ನೆಂಟರು, ಒಮ್ಮೆ ಮೋಡ. ಆಗ ಹೋಗದಿದ್ದ ಕೋಟೆಗೆ ಈಗ ಯಾಕೆ?

ಅಕ್ಟೋಬರಿನಲ್ಲಿ ಕೋರ್ಟಿನ ಕಾಗದ ಕೈಗೆ ಬಂತು. ನಿಮ್ಮ ಮಗ ಮತ್ತು ನಾನು ಜಗಳವಾಡಿ ಬೇರೆಯಾದವರಲ್ಲ. ಒಬ್ಬರಿಗೊಬ್ಬರು ವಿನಯವಾಗಿದ್ದೂ ಇದ್ದೂ ದಣಿದವರು. ಆದರೆ ಬೇರೆಯಾದದ್ದಂತೂ ನಿಜ. ಒಂದು ಮಗುವಾದರೂ ಇದ್ದಿದ್ದರೆ ಅಜ್ಜಿಗೆ ಸುದ್ದಿ ತಿಳಿಸುವ ನೆಪ ಇರುತ್ತಿತ್ತು. ಅದೂ ಇಲ್ಲದೆ ವಾರವಾರ ನಿಮ್ಮ ಕವರು ಬರುತ್ತದೆ, ನಾನು ಉತ್ತರ ಬರೆಯುತ್ತೇನೆ. ಹೀಗಿರುವುದು ಸರಿಯೇ, ಎಲ್ಲಿಯವರೆಗೆ ಎಂಬುದನ್ನು ಎದುರುಬದುರು ಕೂತು ಮಾತಾಡಬೇಕು ಅನಿಸುತ್ತದೆ. ಫೋನಿನಲ್ಲಿ ನಿಮಗೆ ಕೇಳುವುದಿಲ್ಲ; ಕೇಳದ್ದನ್ನು ನೀವೇ ತುಂಬಿಕೊಂಡು ಉತ್ತರ ಕೊಡುತ್ತೀರಿ. ಆದ್ದರಿಂದ ಬರುತ್ತೇನೆ. ಮನೆಗಲ್ಲ, ಕೋಟೆಗೆ. ಭಾನುವಾರ ನಿಮ್ಮ ಮಗ ಮನೆಯಲ್ಲಿರುತ್ತಾರೆ.

*

ಜನವರಿ ೧೨

ಸೊಸೆಗೆ,

ಮೊದಲ ಪುಟ ಪೂರ್ತಿ ಯಂತ್ರದ ಪುರಾಣ. ನನ್ನ ಕಿವಿ ಹೋದದ್ದು ಸೀಟಿ ಊದಿ ಊದಿ. ಮೂವತ್ತೆರಡು ವರ್ಷ ಊದಿದ್ದೇನೆ. ದುಡಿದು ಹೋದ ಕಿವಿ ಅದು, ಅದಕ್ಕೆ ಈಗ ರಜೆ. ನೀನು ಮತ್ತೆ ಡ್ಯೂಟಿಗೆ ಕರೆಯಬೇಡ.

ಎಲ್ಲಿಯವರೆಗೆ ಎಂದು ಕೇಳಿದ್ದೀಯ. ಕಾಗದ ಮುಗಿಯುವವರೆಗೆ. ಮುಗಿದರೆ ಇನ್ನೊಂದು ಕಟ್ಟು ತರುತ್ತೇನೆ.

ಫೆಬ್ರವರಿ ನಾಲ್ಕು, ಭಾನುವಾರ, ಬೆಳಿಗ್ಗೆ ಹತ್ತಕ್ಕೆ. ಕೋಟೆಗೆ ಎರಡು ಬಾಗಿಲು. ಮುಂದುಗಡೆ ಹಳೆಯ ಮೆಟ್ಟಿಲು, ಅದು ಹೆಬ್ಬಾಗಿಲಿಗೆ ಹೋಗುತ್ತದೆ. ಹಿಂದುಗಡೆ ಈಗ ಟಾರು ರಸ್ತೆ ಮಾಡಿದ್ದಾರಂತೆ, ವ್ಯಾನು ದಿಡ್ಡಿ ಬಾಗಿಲಿನವರೆಗೂ ಹೋಗುತ್ತದಂತೆ. ದಿಡ್ಡಿ ಬಾಗಿಲೆಂದರೆ ಶತ್ರು ಮುತ್ತಿಗೆ ಹಾಕಿದಾಗ ರಾಜ ಸೀರೆ ಉಟ್ಟುಕೊಂಡಾದರೂ ತಪ್ಪಿಸಿಕೊಳ್ಳಲಿ ಅಂತ ಇಟ್ಟ ಕಳ್ಳದಾರಿ. ಈಗ ಅಲ್ಲಿ ಟಿಕೆಟ್ ಕೊಟ್ಟು ಒಳಗೆ ಬಿಡುತ್ತಾರೆ. ಕಾಲ ನೋಡು. ನಡುವೆ ಒಳಕೋಟೆಯ ದಿಬ್ಬ ಇದೆ, ಈ ಬಾಗಿಲಿನಿಂದ ಆ ಬಾಗಿಲು ಕಾಣುವುದಿಲ್ಲ.

ಮಗ ಚೆನ್ನಾಗಿದ್ದಾನೆ. ಕ್ಲಿನಿಕ್ಕಿನಲ್ಲಿ ಊರವರ ಹಲ್ಲು ಕೀಳುತ್ತಿದ್ದಾನೆ.

ನನಗೂ ನಿನ್ನ ಹತ್ತಿರ ಒಂದು ಕೇಳುವುದಿದೆ. ಬರೆದು ಕೇಳಿದರೆ ನೀನು ಮೂರು ದಿನ ಯೋಚಿಸಿ, ಆ ಕಡೆ ಈ ಕಡೆ ತೂಗಿ, ಕೊನೆಗೆ ನಿನ್ನ ಇಂಗ್ಲಿಷ್ ಮೀಡಿಯಂ ನಯದಲ್ಲಿ "ನೋಡೋಣ" ಎಂದು ಬರೆಯುತ್ತೀಯ. ಇದನ್ನು ಮುಖ ನೋಡಿಯೇ ಕೇಳಬೇಕು.

*

ಜನವರಿ ೧೮

ಅತ್ತೆಯವರಿಗೆ,

ಆಗಲಿ, ನಾಲ್ಕನೇ ತಾರೀಖು. ನಿಮ್ಮ ಮಂಡಿ ಹೇಗಿದೆ ಎಂದು ಮೂರು ಪತ್ರದಿಂದ ಕೇಳುತ್ತಿದ್ದೇನೆ, ಉತ್ತರವಿಲ್ಲ. ನಿಮಗೆ ಯಾವ ಬಾಗಿಲು ಅನುಕೂಲವೋ ಅಲ್ಲಿಗೆ ಬನ್ನಿ. ನಾನು ಅಲ್ಲಿರುತ್ತೇನೆ.

*

ಫೆಬ್ರವರಿ ೪, ಭಾನುವಾರ ಸಂಜೆ
ರೈಲ್ವೆ ಸ್ಟೇಷನ್, ಮಹಿಳೆಯರ ವಿಶ್ರಾಂತಿ ಕೊಠಡಿ

ಅತ್ತೆಯವರಿಗೆ,

ನೀವು ಬರಲಿಲ್ಲ.

ಇದನ್ನು ತೊಡೆಯ ಮೇಲಿಟ್ಟುಕೊಂಡು ಬರೆಯುತ್ತಿದ್ದೇನೆ. ಅಕ್ಷರ ಓರೆಯಾಗಿದ್ದರೆ ಅದು ಸಿಟ್ಟಿಗೂ ಇರಬಹುದು.

ನಿಮ್ಮ ಮಂಡಿಗೆ ಮೆಟ್ಟಿಲು ಆಗದು, ನೀವು ವ್ಯಾನಿನಲ್ಲೇ ಬರುತ್ತೀರಿ ಎಂದು ನಾನೂ ವ್ಯಾನು ಹತ್ತಿದೆ. ನನಗೆ ನಡೆದು ಹತ್ತುವ ಆಸೆಯಿತ್ತು, ಅದು ಹಾಗಿರಲಿ. ತಿರುವು ತಿರುವಿಗೂ ಒಂದು ಮಗು ನನ್ನ ಚಪ್ಪಲಿಯ ಪಕ್ಕ ವಾಂತಿ ಮಾಡಿತು. ದಿಡ್ಡಿ ಬಾಗಿಲಿಗೆ ತಲೆ ತಗ್ಗಿಸಿಯೇ ಒಳಹೋಗಬೇಕು. ತಗ್ಗಿಸಿದ್ದು ಸಾಲದೆ ನನ್ನ ಹಣೆಗೆ ಬಡಿಯಿತು. ಅಲ್ಲಿನ ಕಲ್ಲಿನ ಮೇಲೆ ಕೂತೆ. ಟಿಕೆಟ್ ಕೊಡುವವನು ಸ್ಟೂಲು ಎಳೆದುಕೊಂಡು ಹತ್ತಿರ ಬಂದ.

"ಯಾರಿಗಾದ್ರೂ ಕಾಯ್ತಿದೀರಾ ಮೇಡಂ?"

"ನಮ್ಮ ಅತ್ತೆಗೆ."

"ಅತ್ತೆಗಾ! ನಾನು ಈ ಬಾಗಿಲಲ್ಲಿ ಅತ್ತೆಯಿಂದ ತಪ್ಪಿಸ್ಕೊಂಡು ಬರೋರನ್ನ ನೋಡಿದೀನಿ. ಕಾಯೋರನ್ನ ಇವತ್ತೇ ನೋಡಿದ್ದು."

ಮಧ್ಯಾಹ್ನದವರೆಗೂ ಆ ಮಾತನ್ನು ಅವನು ಬಂದವರಿಗೆಲ್ಲ ಹೇಳಿ ನನ್ನನ್ನು ತೋರಿಸಿದ. ಕೋಟೆಯಲ್ಲಿ ನೋಡುವಂಥದ್ದು ಇವತ್ತು ನಾನೇ ಆಗಿದ್ದೆ.

ಬಾಗಿಲು ಕಣ್ಣಳತೆಯಿಂದ ತಪ್ಪದಷ್ಟು ದೂರ ಮಾತ್ರ ಓಡಾಡಿದೆ. ಕಣಜವೊಂದಿದೆ, ಮೇಲೆ ಸೂರಿಲ್ಲ. ಧಾನ್ಯ ಸುರಿಯುತ್ತಿದ್ದ ಕಿಂಡಿ ಮಾತ್ರ ಹಾಗೆಯೇ ಇದೆ, ಅದರಲ್ಲಿ ಈಗ ಪಾರಿವಾಳ. ಕಲ್ಲಿನ ಕೊಳದಲ್ಲಿ ಹಸಿರು ನೀರು, ನಾಲ್ಕಾರು ಪ್ಲಾಸ್ಟಿಕ್ ಬಾಟಲಿ. ಬುರುಜಿನ ಮೇಲೆ ನಿಂತರೆ ಕೆಳಗಿನ ಊರೆಲ್ಲ ಬಟ್ಟೆ ಒಣಗಿಸಲು ಹಾಕಿದಂತೆ ಕಾಣುತ್ತದೆ. ಗೋಡೆಯ ತುಂಬ ಜೋಡಿ ಹೆಸರು ಕೆತ್ತಿದ್ದಾರೆ. ಎಷ್ಟು ಜೋಡಿ ಇನ್ನೂ ಜೊತೆಗಿವೆಯೋ ಎಂದುಕೊಂಡೆ. ನೀವಿದ್ದಿದ್ದರೆ "ನಿನಗೆ ಯಾವಾಗಲೂ ಇದೇ ಯೋಚನೆ" ಎನ್ನುತ್ತಿದ್ದಿರಿ. ಇದನ್ನೆಲ್ಲ ನೀವು ತೋರಿಸಬೇಕಿತ್ತು. ಒಬ್ಬಳೇ ನೋಡಿದರೆ ಕಲ್ಲು ಬರೀ ಕಲ್ಲೇ.

ಹೆಬ್ಬಾಗಿಲಿಗೆ ಹೋಗಿ ನೋಡೋಣವೇ ಎಂದು ಒಂದೆರಡು ಸಲ ಎದ್ದೆ. ಅಷ್ಟರಲ್ಲಿ ನೀವು ಇಲ್ಲಿ ಬಂದರೆ? ಮತ್ತೆ ಕೂತೆ.

ಸಾಲದ್ದಕ್ಕೆ ಆ ಕಡೆಯಿಂದ ಯಾರೋ ಸೀಟಿ ಊದಲು ಶುರುಮಾಡಿದರು. ಊದಿದರು, ನಿಲ್ಲಿಸಿದರು, ಮತ್ತೆ ಊದಿದರು. "ಆ ಕಡೆ ಕಾವಲಿನವನು ಮೇಡಂ, ಗೋಡೆ ಹತ್ತೋರನ್ನ ಇಳಿಸ್ತಾ ಇದಾನೆ. ಇವತ್ತು ಭಾರೀ ಶಿಸ್ತು ಬಂದ್ಬಿಟ್ಟಿದೆ" ಎಂದ ಟಿಕೆಟಿನವನು. ಅಂಥ ಅಧಿಕಪ್ರಸಂಗಿಯ ಕೈಗೆ ಸೀಟಿ ಕೊಟ್ಟವರು ಯಾರೋ. ಆ ಶಬ್ದ ಎಷ್ಟು ಜೋರು, ಅದರಿಂದ ಕಿವಿಗೆ ಏನು ಹಾನಿ ಎಂದು ನಾನು ಟಿಕೆಟಿನವನಿಗೆ ಪಾಠ ಮಾಡಿದೆ. ಕೊನೆಯಲ್ಲಿ ಉಸಿರು ಮುಗಿಯುವವರೆಗೂ ಒಂದು ಉದ್ದದ ಸೀಟಿ. ಎಲ್ಲರೂ ಇಳಿಯಿರಿ ಎಂದಿರಬೇಕು ಅನಿಸಿ ಮುಂದಿನ ವ್ಯಾನಿಗೆ ಇಳಿದೆ.

ನಿಮಗೆ ಏನಾದರೂ ಆಗಿದೆಯೇ ಎಂದು ಹೆದರಿ ಸ್ಟೇಷನ್ನಿನಿಂದ ಮನೆಗೆ ಫೋನು ಮಾಡಿದೆ. ನಿಮ್ಮ ಮಗ ಎತ್ತಿದರು. "ಅಮ್ಮ ಚೆನ್ನಾಗಿದಾರೆ. ಈಗ ತಾನೇ ಹೊರಗಿಂದ ಬಂದು ಕಾಲು ಚಾಚಿದಾರೆ." ಹೊರಗಿಂದ! ಅಂದರೆ ಬೇರೆಲ್ಲಿಗೋ ಹೋಗಿದ್ದಿರಿ. ಬೇರೆ ಏನೋ ಮುಖ್ಯ ಕೆಲಸ ಬಂದಿರುತ್ತದೆ. ಹದಿನಾಲ್ಕು ವರ್ಷವೂ ಹೀಗೇ ಬಂದಿತ್ತು.

ಎದುರಿಗೆ ಕೂತು ಹೇಳಬೇಕೆಂದಿದ್ದುದನ್ನು ಇಲ್ಲೇ ಬರೆಯುತ್ತೇನೆ. ನಿಮ್ಮ ಮಗನ ಮನೆಯಿಂದ ಹೊರಬರುವುದು ಹೇಗೆಂದು ವಕೀಲರು ಹೇಳಿಕೊಟ್ಟರು. ನಿಮ್ಮಿಂದ ಹೊರಬರುವುದು ಹೇಗೆಂದು ಯಾರೂ ಹೇಳಲಿಲ್ಲ. ನಿಮ್ಮ ಕವರು ಬಂದ ದಿನ ನಾನು ಮತ್ತೆ ಆ ಮನೆಯ ಅಡುಗೆಮನೆಯಲ್ಲಿ ನಿಂತಿರುತ್ತೇನೆ. ದಯವಿಟ್ಟು ಇನ್ನು ಬರೆಯಬೇಡಿ. ನಾನೂ ಬರೆಯುವುದಿಲ್ಲ.

*

ಫೆಬ್ರವರಿ ೫

ಸೊಸೆಗೆ,

ಬರುತ್ತೇನೆ ಎಂದು ಬರೆದು ಬಾರದಿರುವುದನ್ನು ಯಾವ ಮೀಡಿಯಂನಲ್ಲಿ ಕಲಿಸುತ್ತಾರೆ?

ನಾನು ಮೆಟ್ಟಿಲು ಹತ್ತಿದೆ. ಹೌದು, ಹತ್ತಿದೆ. ಕೂತು ಕೂತು ಹತ್ತಿದೆ, ಆದರೆ ಹತ್ತಿದೆ. ಲಿಫ್ಟ್ ಇದ್ದರೂ ಮೆಟ್ಟಿಲು ಹತ್ತುವ ಹೆಂಗಸು ನೀನು, ಬೆಟ್ಟ ಕಂಡ ಮೇಲೆ ವ್ಯಾನು ಹತ್ತುತ್ತೀಯಾ? ಅದಕ್ಕೇ ಹೆಬ್ಬಾಗಿಲಿಗೆ ಬಂದೆ. ಅಲ್ಲಿಯ ಜಗಲಿಯ ಮೇಲೆ ಕಾಲು ಇಳಿಬಿಟ್ಟುಕೊಂಡು ಕೂತೆ. ಬಾಗಿಲ ಹಲಗೆ ಹೋಗಿದೆ, ಆನೆ ಗುದ್ದದ ಹಾಗೆ ಹೊಡೆದಿದ್ದ ಮೊಳೆಗಳಲ್ಲಿ ಒಂದೂ ಇಲ್ಲ. ಬರೀ ಚೌಕಟ್ಟು ನಿಂತಿದೆ, ಯಾರನ್ನೂ ತಡೆಯದೆ. ಬೆಳಿಗ್ಗೆಯಿಂದ ಬಂದವರ ಮುಖವನ್ನೆಲ್ಲ ನೋಡಿದೆ. ನಿನ್ನದಿಲ್ಲ.

ಆ ಬಾಗಿಲಿಗೆ ಹೋಗಿ ನೋಡೋಣವೆಂದರೆ ನಡುವೆ ದಿಬ್ಬ. ಹತ್ತಿ ಇಳಿಯುವಷ್ಟರಲ್ಲಿ ನೀನು ಇಲ್ಲಿಗೆ ಬಂದು, ಅತ್ತೆ ಇಲ್ಲ ಅಂತ ಮುಖ ಊದಿಸಿಕೊಂಡು ಹೊರಟುಬಿಟ್ಟರೆ? ಹೊರಡುವುದರಲ್ಲಿ ನೀನು ಚುರುಕು.

ಕೊನೆಗೆ ಚೀಲದಿಂದ ಸೀಟಿ ತೆಗೆದೆ. ಇಡೀ ಮೈದಾನದ ಹುಡುಗಿಯರನ್ನು ಒಂದು ಸಾಲಿಗೆ ತರುತ್ತಿದ್ದ ಅದೇ ಸೀಟಿ. ಊದಿದೆ. ಗೋಡೆಯ ಮೇಲೆ ಕೂತಿದ್ದ ಒಂದು ಜೋಡಿ ದಡಬಡ ಇಳಿದು "ಸಾರಿ ಆಂಟಿ" ಅಂದು ಓಡಿತು. ಮತ್ತೆ ಊದಿದೆ. ಕಾಲೇಜು ಹುಡುಗರ ಗುಂಪೊಂದು ಬಂದು ನನ್ನ ಜೊತೆ ಫೋಟೋ ತೆಗೆಸಿಕೊಂಡಿತು. ನಿಲ್ಲುವ ರೀತಿಯೇ ಇಲ್ಲ ಅವಕ್ಕೆ, ಎತ್ತರದವರು ಹಿಂದೆ ಅಂತ ಸರಿ ಮಾಡಿ ನಿಲ್ಲಿಸಿದೆ. ಮೇಕೆಗಳು ಸಹ ತಲೆಯೆತ್ತಿ ನೋಡಿದವು. ಉಸಿರೆಲ್ಲ ಕೂಡಿಸಿ ಕೊನೆಗೆ ಒಂದು ಉದ್ದಕ್ಕೆ ಊದಿದೆ. ಕಲ್ಲು ಕೂಡ ಎದ್ದು ಬರಬೇಕಿತ್ತು. ಊರಿಗೆಲ್ಲ ಕಿವಿ ಪರೀಕ್ಷೆ ಮಾಡುವವಳು ನೀನು, ನಿನ್ನದನ್ನು ಯಾರಿಗೆ ತೋರಿಸಿದ್ದೀಯ?

ಮನೆಗೆ ಬಂದು ಕಾಲು ಚಾಚಿದ್ದೆ. ಯಾರದೋ ಫೋನು ಬಂತು. ಯಾರೋ ಅದು ಅಂತ ಕೇಳಿದರೆ ಇವನು ರಾಂಗ್ ನಂಬರ್ ಅಂದ. ನೀನಾಗಿದ್ದರೆ ಎಂದು ಒಂದು ಗಳಿಗೆ ಅಂದುಕೊಂಡೆ, ನೋಡು ನನ್ನ ದಡ್ಡತನ.

ಕೇಳಬೇಕೆಂದಿದ್ದುದನ್ನು ಇನ್ನು ಕೇಳುವುದಿಲ್ಲ. ಉತ್ತರ ಸಿಕ್ಕಿತು.

*

ಫೆಬ್ರವರಿ ೧೦

ಅತ್ತೆ,

ಆ ರಾಂಗ್ ನಂಬರ್ ನಾನು.

ನಿಮ್ಮ ಪತ್ರವನ್ನು ಆಸ್ಪತ್ರೆಯ ಕಾರಿಡಾರಿನಲ್ಲೇ ಒಡೆದು ಓದಿದೆ. ಸೀಟಿಯ ಸಾಲಿಗೆ ಬಂದಾಗ ಅಲ್ಲೇ ನಿಂತು ಅದನ್ನೇ ಮೂರು ಸಲ ಓದಿದೆ. ಹೊರಗೆ ಕಾಯುತ್ತಿದ್ದ ರೋಗಿಯೊಬ್ಬರು ನನಗೇ ಕುರ್ಚಿ ಕೊಟ್ಟರು. ನಾನು ಸ್ಟೇಷನ್ನಿನಿಂದ ಬರೆದದ್ದು ಈ ಹೊತ್ತಿಗೆ ನಿಮ್ಮನ್ನು ತಲುಪಿರುತ್ತದೆ. ತಲುಪಿದ್ದರೆ ಹರಿದು ಹಾಕಿ. ಓದಿದ್ದರೆ ಮರೆತುಬಿಡಿ. ಅದರಲ್ಲೊಂದು ಕಡೆ ಸೀಟಿ ಊದುವವರ ಬಗ್ಗೆ ಒಂದು ಮಾತಿದೆ, ಅದನ್ನಂತೂ ಓದಲೇಬೇಡಿ.

ಸೀಟಿ ನನಗೆ ಕೇಳಿಸಿತು. ಪೂರ್ತಿ ಕೇಳಿಸಿತು. ನನ್ನ ಕಿವಿಗಳಿಗೆ ಏನೂ ಆಗಿಲ್ಲ, ಅದೇ ನಾಚಿಕೆಯ ವಿಷಯ. ಶಬ್ದ ಕೇಳುವುದು ಬೇರೆ, ಅದು ಯಾರು ಯಾರನ್ನು ಕರೆಯುತ್ತಿರುವುದು ಎಂದು ತಿಳಿಯುವುದು ಬೇರೆ ಎಂದು ರೋಗಿಗಳ ಮನೆಯವರಿಗೆ ದಿನಾ ಹೇಳುತ್ತೇನೆ. ಕಾವಲುಗಾರನೆಂದು ಬೇರೆಯವರು ಹೇಳಿದ್ದನ್ನು ಒಪ್ಪಿ ಸುಮ್ಮನೆ ಕೂತೆ.

ಆದರೆ ಅತ್ತೆ, ನೀವು ಯಾಕೆ ಮೆಟ್ಟಿಲು ಹತ್ತಿದಿರಿ? ಆ ಮಂಡಿ ಇಟ್ಟುಕೊಂಡು? ನಾನು ನಿಮಗಾಗಿ ವ್ಯಾನು ಹತ್ತುವುದು, ನೀವು ನನಗಾಗಿ ಮೆಟ್ಟಿಲು ಹತ್ತುವುದು. ನಮ್ಮ ನಮ್ಮ ಅನುಕೂಲ ನೋಡಿಕೊಂಡಿದ್ದರೂ ಇದೇ ಗತಿ ಎಂದು ಈಗ ಹೊಳೆಯುತ್ತಿದೆ. ಆಗ ನಾನು ಹೆಬ್ಬಾಗಿಲಲ್ಲಿ, ನೀವು ದಿಡ್ಡಿಯಲ್ಲಿ. ಒಬ್ಬರು ಸ್ವಾರ್ಥಿಯಾಗಿದ್ದರೆ ಸಾಕಿತ್ತು. ಇಬ್ಬರಲ್ಲಿ ಒಬ್ಬರಿಗೂ ಬುದ್ಧಿ ಬರಲಿಲ್ಲ.

ಏನು ಕೇಳಬೇಕೆಂದಿದ್ದಿರಿ? ಬರೆಯಿರಿ. ಮೂರು ದಿನ ಯೋಚಿಸುವುದಿಲ್ಲ.

*

ಮಾರ್ಚ್ ೩

ಅತ್ತೆ,

ಫೆಬ್ರವರಿ ಪೂರ್ತಿ ಕಾದೆ. ಬರೆಯಬೇಡಿ ಎಂದರೆ ಬರೆಯದೇ ಇರುವಷ್ಟು ವಿಧೇಯತೆ ನಿಮಗೆ ಯಾವಾಗ ಬಂತು? ಒಂದೇ ಮನೆಯಲ್ಲಿದ್ದಾಗ ಫ್ಯಾನು ಆರಿಸಿ ಎಂದರೂ ಕೇಳಿದವರಲ್ಲ.

ನಿನ್ನೆ ತಡೆಯಲಾರದೆ ಮತ್ತೆ ಫೋನು ಮಾಡಿದೆ. ಈ ಸಲವೂ ನಿಮ್ಮ ಮಗನೇ ಎತ್ತಿದರು. ಹಲ್ಲು ಕೀಳುವ ಮೊದಲು ರೋಗಿಗೆ ಧೈರ್ಯ ಹೇಳುವ ಆ ದನಿ ಗೊತ್ತಲ್ಲ, ಅದೇ ದನಿಯಲ್ಲಿ ಮಾತಾಡಿದರು.

"ಅಮ್ಮ ಆರಾಮಾಗಿದಾರೆ. ಏಪ್ರಿಲ್‌ನಲ್ಲಿ ಈ ಮನೆ ಬಿಡ್ತೀವಿ. ಹೊಸ ಊರಲ್ಲಿ ಕ್ಲಿನಿಕ್ ಹಾಕ್ತಿದೀನಿ. ಅಮ್ಮಾನೂ ನಮ್ಮ ಜೊತೆ ಬರ್ತಾರೆ."

"ಒಳ್ಳೇದಾಯ್ತು" ಎಂದೆ.

"ನೀನು ಇನ್ನು ಚಿಂತೆ ಮಾಡ್ಬೇಕಾಗಿಲ್ಲ."

"ನಮ್ಮ ಜೊತೆ" ಎಂದರು. ಆ "ನಮ್ಮ"ದಲ್ಲಿ ಇನ್ನೊಬ್ಬರು ಇದ್ದಾರೆಂದು ತಿಳಿಯಿತು. ಹೊಟ್ಟೆಕಿಚ್ಚಾಗಲಿಲ್ಲ. ನಿಜ ಹೇಳುತ್ತಿದ್ದೇನೆ, ಎರಡು ಸಲ ನನ್ನನ್ನೇ ಕೇಳಿಕೊಂಡೆ.

ಕೋಟೆಯಲ್ಲಿ ನೀವು ಹೇಳಬೇಕೆಂದಿದ್ದುದು ಇದೇ ಇರಬೇಕು. ಹೊಸ ಊರು, ಹೊಸ ಸೊಸೆ, ಇನ್ನು ಹಳೆಯ ಸೊಸೆಗೆ ಬರೆಯುವುದು ಚೆನ್ನಾಗಿರುವುದಿಲ್ಲ ಎಂದು. ಹೇಳಲು ನಿಮಗೆ ಕಷ್ಟವಾಗುತ್ತದೆ, ಅದಕ್ಕೇ ನಾನೇ ಹೇಳುತ್ತೇನೆ: ಹೋಗಿ, ಅತ್ತೆ. ಅವರು ನಿಮ್ಮ ಮಗ, ನಿಮ್ಮ ಜಾಗ ಅಲ್ಲಿ. ನಾನೂ ಕೋಟೆಗೆ ಬಂದದ್ದು ಇದನ್ನೇ ಹೇಳಲು. ಇಬ್ಬರೂ ಒಂದೇ ಮಾತು ಹೊತ್ತುಕೊಂಡು ಬೆಟ್ಟ ಹತ್ತಿದ್ದೇವೆ ಎಂದಾಯಿತು. ನಿಮ್ಮ ಮೇಲೆ ಬೇಸರವಿಲ್ಲ.

*

ಮಾರ್ಚ್ ೯

ಮಂಕೇ,

ಈ ಮನೆಯಲ್ಲಿ ಒಂದು ಕಪಾಟಿದೆ. ಹೊಸ ಮನೆಯಲ್ಲಿ ಅದನ್ನು ಎಲ್ಲಿಡುವುದು ಅಂತ ಇವನು ದಿನಾ ಅಳತೆ ತೆಗೆಯುತ್ತಾನೆ. ಅದರ ಪಕ್ಕದಲ್ಲೇ ನನ್ನನ್ನೂ ಅಳೆಯುತ್ತಾನೆ. ಈಗ ನೀನೊಬ್ಬಳು ಟೇಪು ಹಿಡಿದು ಬಂದೆ. "ನಿಮ್ಮ ಜಾಗ ಅಲ್ಲಿ" ಅಂತೆ. ಯಾರಾದರೂ ನನ್ನನ್ನು ಕೇಳಿದಿರಾ?

ಸ್ಟೇಷನ್ನಿನ ಪತ್ರ ಓದಿದೆ. ಓದಬೇಡಿ ಅಂದಿದ್ದ ಸಾಲನ್ನು ಎರಡು ಸಲ ಓದಿದೆ. ಅಧಿಕಪ್ರಸಂಗಿಯ ಕೈಗೆ ಸೀಟಿ ಕೊಟ್ಟವರು ಸರಕಾರ. ಬರೆಯಬೇಡಿ ಅಂದೆ, ಬರೆಯಲಿಲ್ಲ. ಬಿಡಿ ಅಂದ ಮೇಲೆ ಸೆರಗು ಹಿಡಿದು ಎಳೆಯುವ ಅಭ್ಯಾಸ ನನಗಿಲ್ಲ. ಆಮೇಲೆ ಹರಿದು ಹಾಕಿ ಅಂದೆ. ಆದರೆ ಅಡುಗೆಮನೆಯ ಮಾತು ನಿಜವಾಗಿಯೇ ಬರೆದಿದ್ದೆಯಲ್ಲ, ಅದನ್ನು ಹರಿದು ಹಾಕುವುದು ಹೇಗೆ? ಅದಕ್ಕೇ ಫೆಬ್ರವರಿ ಪೂರ್ತಿ ಸುಮ್ಮನಿದ್ದೆ.

ಈಗ ಕೇಳುತ್ತೇನೆ, ಯಾಕೆಂದರೆ ಏಪ್ರಿಲ್ ಬಂದುಬಿಡುತ್ತದೆ.

ನಾನು ಇವನ ಜೊತೆ ಹೋಗುವುದಿಲ್ಲ. ಇವನು ಕೆಟ್ಟವನಲ್ಲ. ಆ ಹುಡುಗಿಯೂ ಒಳ್ಳೆಯವಳು. ಎರಡು ಸಲ ಬಂದಿದ್ದಳು. ಒಂದೊಂದು ಪದ ಬಿಡಿಸಿ, ಜೋರಾಗಿ, ಕೂಸಿಗೆ ಹೇಳಿದ ಹಾಗೆ "ಆಂಟೀ, ಊಟ, ಆಯ್ತಾ?" ಅನ್ನುತ್ತಾಳೆ. ಏನು ಹೇಳಿದರೂ "ಸರಿ ಆಂಟಿ" ಅನ್ನುತ್ತಾಳೆ. ಆಮೇಲೆ ಇಬ್ಬರೂ ಅಡುಗೆಮನೆಯಲ್ಲಿ ಮೆಲ್ಲಗೆ ಮಾತಾಡಿಕೊಳ್ಳುತ್ತಾರೆ. ಕೇಳಿಸದಿದ್ದರೂ ತುಟಿ ಕಾಣುತ್ತದಲ್ಲ. ನೀನು ಹಾಗಲ್ಲ. ನೀನು ನನ್ನ ಮುಖಕ್ಕೇ ಜಗಳ ಆಡುತ್ತೀಯ. ಯಂತ್ರ ಯಾಕೆ ಹಾಕಿಲ್ಲ ಅಂತ ರೇಗುತ್ತೀಯ. ನಾನು ಇನ್ನೂ ಬದುಕಿದ್ದೇನೆ ಅಂತ ಅದರಿಂದ ಗೊತ್ತಾಗುತ್ತದೆ.

ನಿನ್ನ ಊರಿಗೆ ಬರುತ್ತೇನೆ. ನಿನ್ನ ಮನೆಗೆ ಅಲ್ಲ. ನಿನ್ನ ಬೀದಿಗೆ. ಒಂದು ರೂಮು, ಒಂದು ಅಡುಗೆಮನೆ ಸಾಕು. ನನ್ನ ಪಿಂಚಣಿ ನನಗಿದೆ. ಮೇಲಿನ ಮಹಡಿಯಾದರೂ ಆದೀತು. ಮಂಡಿ ಮಂಡಿ ಅಂತ ಬಾಯಿ ಬಡಿದುಕೊಳ್ಳುತ್ತೀಯಲ್ಲ, ಅದಕ್ಕೇ ಆವತ್ತು ಮೆಟ್ಟಿಲು ಹತ್ತಿದ್ದು. ನಿನಗಾಗಿ ಅಂತ ಏನೇನೋ ಬರೆದುಕೊಂಡಿದ್ದೀಯ. ಅರ್ಧ ಮಾತ್ರ ನಿಜ. ನಾನು ಹತ್ತಿ ಬರುವುದನ್ನು ನೀನು ಮೇಲೆ ನಿಂತು ನೋಡಬೇಕು, ನೋಡಿದ ಮೇಲೆ ಕೇಳಬೇಕು, ಇಲ್ಲ ಅನ್ನಲು ನಿನಗೆ ಮಂಡಿಯ ನೆಪ ಸಿಗಬಾರದು ಅಂತ. ನ್ಯಾಯವಾಗಿ ಗೆದ್ದಿದ್ದೆ. ನೋಡಲು ರೆಫರಿಯೇ ಬರಲಿಲ್ಲ.

ಅಡುಗೆಮನೆಯ ಮಾತು ಮರೆತಿಲ್ಲ. ಬೇಡವಾದರೆ ಬೇಡ ಅನ್ನು. ನಯ ಮಾಡಬೇಡ. ಬೇರೆ ದಾರಿ ನೋಡಿಕೊಳ್ಳುತ್ತೇನೆ.

*

ಮಾರ್ಚ್ ೧೭

ಅತ್ತೆ,

ಮೂರು ದಿನ ಯೋಚಿಸುವುದಿಲ್ಲ ಎಂದಿದ್ದೆ. ನಿಮ್ಮ ಪತ್ರ ಬಂದು ನಾಲ್ಕು ದಿನವಾಯಿತು. ಕ್ಷಮಿಸಿ ಎನ್ನುವುದಿಲ್ಲ, ನೀವು ಕೇಳಿರುವುದು ಅಷ್ಟು ಸಣ್ಣ ವಿಷಯವಲ್ಲ.

ನಯ ಬೇಡ ಎಂದಿದ್ದೀರಿ. ನಿಮ್ಮ ಪತ್ರ ಓದಿದಾಗ ಮೊದಲು ಆದದ್ದು ಸಂತೋಷವಲ್ಲ, ಗಾಬರಿ. ಎರಡು ವರ್ಷ ಒದ್ದಾಡಿ ನನ್ನದೆಂದು ಒಂದು ಬಾಗಿಲು, ಒಂದು ಚಿಲಕ ಮಾಡಿಕೊಂಡಿದ್ದೇನೆ. ನೀವು ಬಂದರೆ ನನ್ನ ಪರದೆಯ ಬಣ್ಣ, ನಾನು ಮಲಗುವ ಹೊತ್ತು, ನಾನು ಉಣ್ಣದೆ ಬಿಟ್ಟದ್ದು, ಎಲ್ಲಕ್ಕೂ ನಿಮ್ಮ ಟೀಕೆ ಇರುತ್ತದೆ. ಬೇಡ ಎಂದು ಒಂದು ಪತ್ರ ಬರೆದೆ. ಒಳ್ಳೆಯ ಪತ್ರ, ಕಾರಣಗಳೆಲ್ಲ ಸರಿಯಾಗಿದ್ದವು. ಅಂಚೆಗೆ ಹಾಕಲು ಕೆಳಗಿಳಿದಾಗ ನನ್ನ ಟಪಾಲು ಡಬ್ಬಿಯನ್ನು ತೆರೆದು ನೋಡಿದೆ. ಖಾಲಿ. ಆಗ ತಿಳಿಯಿತು, ಫೆಬ್ರವರಿಯಿಂದ ದಿನವೂ ಹೀಗೇ ತೆರೆದು ನೋಡುತ್ತಿದ್ದೇನೆ. ನಿಮ್ಮ ಮಗನನ್ನು ಬಿಟ್ಟು ಬಂದ ಮೇಲೆ ಈ ಮನೆ ನಿಶ್ಶಬ್ದವಾಗಿದೆ ಎಂದು ನನಗೆ ಒಂದು ದಿನವೂ ಅನಿಸಿರಲಿಲ್ಲ. ನಿಮ್ಮ ಬೈಗುಳ ನಿಂತ ಮೇಲೆ ಅನಿಸಿತು. ಇದು ಪ್ರೀತಿಯೋ, ಅಭ್ಯಾಸವೋ, ಬುದ್ಧಿಗೇಡಿತನವೋ ನನಗೆ ಗೊತ್ತಿಲ್ಲ. ಗೊತ್ತಾಗುವವರೆಗೆ ಕಾದರೆ ಏಪ್ರಿಲ್ ಬಂದುಬಿಡುತ್ತದೆ, ಅದನ್ನು ನೀವೇ ಹೇಳಿದ್ದೀರಿ.

ಆ ಪತ್ರ ಹರಿದು ಹಾಕಿದೆ. ಅದನ್ನು ಹರಿಯುವಾಗಲೂ ಸಿಟ್ಟಿತ್ತು, ನಿಮ್ಮ ಮೇಲೂ ನನ್ನ ಮೇಲೂ.

ಎದುರು ಕಟ್ಟಡದ ಎರಡನೇ ಮಹಡಿಯಲ್ಲಿ ಒಂದು ರೂಮಿನ ಮನೆ ಖಾಲಿಯಿದೆ. ಬಿಸಿಲು ಬರುತ್ತದೆ, ನಲ್ಲಿ ಸ್ವಲ್ಪ ಸೋರುತ್ತದೆ, ಮೆಟ್ಟಿಲಿಗೆ ಹಿಡಿದು ಹತ್ತಲು ಕಂಬಿ ಇದೆ. ನನ್ನ ಬಾಗಿಲಿಗೆ ಬರುವ ಮೊದಲು ಗಂಟೆ ಒತ್ತಬೇಕು. ನಾನು ತೆರೆಯದಿದ್ದರೆ ಸತ್ತಿದ್ದೇನೆಂದು ತಿಳಿಯದೆ ವಾಪಸು ಹೋಗಬೇಕು. ಸೀಟಿ ಊದಕೂಡದು. ಯಂತ್ರದ ವಿಷಯಕ್ಕೆ ಜಗಳ ನಡೆಯುತ್ತಲೇ ಇರುತ್ತದೆ, ಅದಕ್ಕೆ ರಾಜಿ ಇಲ್ಲ. ಮಗನಿಗೆ ನೀವೇ ಹೇಳಬೇಕು, ನಾನು ಹೇಳಿಸಿದ್ದೆಂದು ಅವರು ತಿಳಿಯಬಾರದು. ತಿಳಿದುಕೊಳ್ಳುತ್ತಾರೆ, ಇರಲಿ.

ಇವತ್ತು ಆ ಮನೆಯ ಯಜಮಾನಿಯನ್ನು ನೋಡಲು ಹೋಗಿದ್ದೆ. ಸಜ್ಜನೆ, ಆದರೆ ಬಾಡಿಗೆಯವರ ಜಾತಕ ತಿಳಿಯದೆ ಬೀಗದ ಕೈ ಕೊಡುವವರಲ್ಲ. ಒಬ್ಬರೇ ಹಿರಿಯ ಹೆಂಗಸು ಇರುತ್ತಾರೆ ಎಂದೆ.

"ನಿಮಗೆ ಏನಾಗ್ಬೇಕು ಅವರು?"

"ಅತ್ತೆ."

"ಸೋದರತ್ತೆನಾ?"

"ಅಲ್ಲ. ಗಂಡನ ತಾಯಿ."

"ನಿಮಗೆ ಡೈವೋರ್ಸ್ ಆಗಿದೆ ಅಂದಿದ್ರಲ್ಲ?"

"ಆಗಿದೆ."

"ಮತ್ತೆ ಗಂಡನೇ ಇಲ್ಲ ಅಂದ್ಮೇಲೆ ಅತ್ತೆ ಹೇಗಮ್ಮಾ?"

"ಮುಂದಿನ ತಿಂಗಳು ಬರ್ತಾರೆ, ಅವರನ್ನೇ ಕೇಳಿ" ಎಂದೆ. "ಸ್ವಲ್ಪ ಜೋರಾಗಿ ಕೇಳ್ಬೇಕಾಗುತ್ತೆ."